‘ಬೋರ್ಡಿಗೆ ಹಾಕಿಸಿ’ ಎಂದ ಠಾಣಾಧಿಕಾರಿಗಳಿಗೆ

ಮಾನ್ಯ ಠಾಣಾಧಿಕಾರಿಗಳೇ,

ನನ್ನ ತಂಗಿಯ ಮಣಿಕಟ್ಟು ಮುರಿದವನ ಮೇಲೆ ದೂರು ಕೊಡಲು ನಾವು ನಿಮ್ಮ ಠಾಣೆಗೆ ಎರಡು ಸಲ ಬಂದೆವು. ಎರಡು ಸಲವೂ ನೀವು ಬರೆದುಕೊಳ್ಳಲಿಲ್ಲ. ಮೊದಲ ಸಲ “ಬೋರ್ಡಿಗೆ ಹಾಕಿಸಿ” ಎಂದಿರಿ. ಎರಡನೆಯ ಸಲ “ಬೋರ್ಡಲ್ಲಿ ನಿಮ್ಮ ಹೆಸರೂ ಇದೆಯಲ್ಲ” ಎಂದಿರಿ. ಈ ಎರಡು ಮಾತುಗಳ ನಡುವೆ ಅವಳಿಗೆ ಏನಾಯಿತು ಎಂಬುದನ್ನು ಕೂತು ಕೇಳುವಷ್ಟು ಪುರುಸೊತ್ತು ನಿಮಗಿರಲಿಲ್ಲ. ಆದ್ದರಿಂದ ಹತ್ತು ಜನ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ. ಜನರ ಸಂಗತಿಗಳನ್ನು ಹತ್ತು ಜನರ ಮುಂದೆ ಇಡುವುದರಲ್ಲಿ ನಿಮಗೆ ಅಪಾರ ನಂಬಿಕೆ ಇರುವುದರಿಂದ ನೀವು ಬೇಸರ ಮಾಡಿಕೊಳ್ಳಲಾರಿರಿ.

ಬೋರ್ಡು ನೋಡದವರಿಗಾಗಿ ಎರಡು ಮಾತು. ನಮ್ಮ ಬಡಾವಣೆಯ ಮಾರುಕಟ್ಟೆ ಮುಗಿಯುವ ಮೂಲೆಯಲ್ಲಿ, ಬಸ್ ನಿಲ್ದಾಣದ ಬೆಂಚಿನ ಹಿಂದೆ, ಗಾಜಿನ ಬಾಗಿಲಿನ ದೊಡ್ಡದೊಂದು ಫಲಕವಿದೆ. ಒಳಗೆ ದೀಪವಿದೆ. ನಮ್ಮ ಬೀದಿದೀಪ ಕೆಟ್ಟರೆ ಕೇಳುವವರಿಲ್ಲ. ಇದರದು ಕೆಟ್ಟರೆ ಅಂದೇ ಹೊಸದು ಬರುತ್ತದೆ. ಅದರ ಪೂರ್ತಿ ಹೆಸರು ‘ನಡತೆ ಫಲಕ’, ಬಾಯಿಮಾತಿಗೆ ಬರೀ ಬೋರ್ಡು. ನಡೆಸುವುದು ಬಡಾವಣೆಯ ಹಿತರಕ್ಷಣಾ ಸಮಿತಿ. ಅಧ್ಯಕ್ಷರು ಮೆಡಿಕಲ್ ಅಂಗಡಿಯ ಯಜಮಾನರು. ಬೇರೆಯವರಿಗೆ ಕೆಡುಕು ಮಾಡಿದವರ ಹೆಸರು, ಫೋಟೋ, ಮಾಡಿದ ಕೆಲಸ ಮೂರನ್ನೂ ಅಲ್ಲಿ ಅಂಟಿಸುತ್ತಾರೆ. ಅಂಥವರು ಬಂದು ಎಲ್ಲರೆದುರು ತಪ್ಪೊಪ್ಪಿಕೊಂಡರೆ ಫೋಟೋ ಕೆಳಗಿನ ಸಾಲಿಗೆ ಇಳಿಯುತ್ತದೆ. ಆ ಸಾಲಿನ ಹೆಸರು ‘ತಿದ್ದಿಕೊಂಡವರು’.

ಉದ್ಘಾಟನೆ ಮಾಡಿದವರು ತಾವೇ. ಬೋರ್ಡಿನ ಮೇಲೆ ಹಾಕಿದ್ದ ಹಸಿರು ಪರದೆ ನನ್ನ ಅಂಗಡಿಯಲ್ಲಿ ಹೊಲಿದದ್ದು. ಪರದೆ ಹೊಲಿಯುವುದೇ ನನ್ನ ಕಸುಬು. ನೀವು ಹಗ್ಗ ಎಳೆದಿರಿ, ಪರದೆ ಸಲೀಸಾಗಿ ಸರಿಯಿತು, ಜನ ಚಪ್ಪಾಳೆ ತಟ್ಟಿದರು. ಆಮೇಲೆ ಮೈಕಿನ ಮುಂದೆ ನಿಂತು, “ಪೊಲೀಸರ ಲಾಠಿಗಿಂತ ಜನರ ಕಣ್ಣಿಗೆ ಶಕ್ತಿ ಜಾಸ್ತಿ” ಎಂದು ಹೇಳಿದಿರಿ. ಲಾಠಿ ಬೇಡ ಸ್ವಾಮಿ, ಪೆನ್ನು ಸಾಕಿತ್ತು ಎಂದು ಹೇಳುವ ಅಗತ್ಯ ಅಂದು ನನಗೆ ಬಿದ್ದಿರಲಿಲ್ಲ.

ಬೋರ್ಡಿನಿಂದ ಒಳ್ಳೆಯದೇ ಆಗಿಲ್ಲ ಎಂದು ನಾನು ಹೇಳಲು ಹೊರಟಿಲ್ಲ. ತೂಕದಲ್ಲಿ ಕೈಚಳಕ ತೋರಿಸುತ್ತಿದ್ದ ತರಕಾರಿಯವನು ತಕ್ಕಡಿ ಬದಲಿಸಿದ. ಪಕ್ಕದ ಮನೆಯ ಗೋಡೆಯ ಬುಡಕ್ಕೆ ಕಸ ಸುರಿಯುತ್ತಿದ್ದವರು ಈಗ ಇನ್ನೂ ಸ್ವಲ್ಪ ದೂರ ಹೋಗಿ ಸುರಿಯುತ್ತಾರೆ. ಹಾಗೆಯೇ, ಶಾಲೆಯ ಮುಂದೆ ಗುಂಡಿ ತೋಡಿ ಹಾಗೇ ಬಿಟ್ಟುಹೋದ ಕಂಟ್ರಾಕ್ಟರರ ಫೋಟೋ ಇಂದಿಗೂ ಅಲ್ಲಿಗೆ ಬಂದಿಲ್ಲ. ಸಮಿತಿಯವರಿಗೆ ಅವರ ಒಳ್ಳೆಯ ಫೋಟೋ ಸಿಕ್ಕಿರಲಿಕ್ಕಿಲ್ಲ.

ಇಂಥ ಬೋರ್ಡುಗಳ ವಿರುದ್ಧ ಬರೆಯುವವರು ಸಾಮಾನ್ಯವಾಗಿ ಯಾವನೋ ನಿರಪರಾಧಿಯ ಕಥೆ ಹೇಳುತ್ತಾರೆ. ಏನೂ ಮಾಡದವನ ಹೆಸರು ತಪ್ಪಿ ಬಂತು, ಪಾಪ, ಮಾನ ಹೋಯಿತು ಎನ್ನುತ್ತಾರೆ. ನನ್ನದು ಆ ಕಥೆಯಲ್ಲ. ಬೋರ್ಡಿನಲ್ಲಿ ಬಂದ ನನ್ನ ತಂಗಿಯ ಗಂಡ ನಿಜವಾಗಿಯೂ ಅಪರಾಧಿ. ಅವನ ಬಗ್ಗೆ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಸರಿಯಾದ ಮನುಷ್ಯನ ಬಗ್ಗೆ ಸರಿಯಾದ ಮಾತು ಬರೆದಾಗ ಆ ಬೋರ್ಡು ಏನು ಮಾಡುತ್ತದೆ ಎಂಬುದೇ ನನ್ನ ತಕರಾರು.

ಅವನು ಡ್ರೈವಿಂಗ್ ಕಲಿಸುವವನು. ಈ ಬಡಾವಣೆಯಲ್ಲಿ ಕಾರು ಓಡಿಸುವವರಲ್ಲಿ ಅರ್ಧಕ್ಕೂ ಹೆಚ್ಚು ಜನ ಅವನ ಪಕ್ಕ ಕೂತು ಕಲಿತವರು. ಎಲ್ಲರಿಗೂ ಅವನು ‘ಮೇಷ್ಟ್ರು’. ಮಹಾ ತಾಳ್ಮೆಯ ಮನುಷ್ಯ ಎಂದು ಹೆಸರು. ಕಲಿಯುವವರು ಕ್ಲಚ್ ಬಿಟ್ಟು ಗಾಡಿ ಜಿಗಿಸಿದರೂ, ಗೇಟಿಗೆ ಗುದ್ದಿದರೂ ದನಿ ಎತ್ತುವವನಲ್ಲ. “ಗಾಬರಿ ಬೇಡಮ್ಮಾ, ಉಸಿರು ತಗೊಳ್ಳಿ, ಮತ್ತೆ ಮೊದಲಿಂದ ಮಾಡೋಣ” ಎನ್ನುತ್ತಾನೆ. ಈ ಮಾತನ್ನು ನಾನೂ ಕೇಳಿದ್ದೇನೆ. ನನ್ನ ತಂಗಿ ಮಾತ್ರ ಅವನ ಬಾಯಲ್ಲಿ ಒಮ್ಮೆಯೂ ಕೇಳಲಿಲ್ಲ. ಹೊರಗೆ ದಿನವಿಡೀ ಖರ್ಚು ಮಾಡಿದ ತಾಳ್ಮೆಯನ್ನೆಲ್ಲ ಮನೆಗೆ ಬಂದು ವಸೂಲು ಮಾಡುತ್ತಿದ್ದ.

ತಂಗಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಗಾಜು ಕೂರಿಸುವುದು, ಸಡಿಲವಾದ ಕಡ್ಡಿ ಬಿಗಿಯುವುದು, ಮೂಗಿನ ಮೇಲೆ ಸರಿಯಾಗಿ ನಿಲ್ಲುವ ಹಾಗೆ ಫ್ರೇಮು ಬಗ್ಗಿಸುವುದು ಅವಳ ಕೆಲಸ. ಸಾಸಿವೆ ಕಾಳಿನಷ್ಟು ಸ್ಕ್ರೂಗಳನ್ನು ಚಿಮಟದಲ್ಲಿ ಎತ್ತಿ ತೂತಿಗೆ ಇಳಿಸುವಾಗ ಉಸಿರು ಹಿಡಿದಿರುತ್ತಾಳೆ. ಚಿಕ್ಕಂದಿನಲ್ಲಿ ಸೂಜಿಗೆ ದಾರ ಪೋಣಿಸಲು ಅಮ್ಮ ಕರೆಯುತ್ತಿದ್ದದ್ದು ನನ್ನನ್ನಲ್ಲ, ಅವಳನ್ನೇ. ಸೂಜಿ ಹಿಡಿದು ಬದುಕುವವಳು ನಾನು, ಕೈ ಸ್ಥಿರವಾಗಿದ್ದದ್ದು ಅವಳದು.

ಒಂದು ಬೆಳಗ್ಗೆ ಮಗಳನ್ನು ಶಾಲೆಗೆ ಹೊರಡಿಸುವ ಗಡಿಬಿಡಿಯಲ್ಲಿ ಅವಳು ಕಾರಿನ ಕೀಲಿಯನ್ನು ಮಾಮೂಲಿ ಮೊಳೆಗೆ ಸಿಕ್ಕಿಸದೆ ಅಡುಗೆಮನೆಯ ಕಟ್ಟೆಯ ಮೇಲಿಟ್ಟಿದ್ದಳು. ಅಷ್ಟೇ. ಅವನು ಅವಳ ಬಲಗೈಯನ್ನು ಪಾತ್ರೆ ತೊಳೆಯುವ ತೊಟ್ಟಿಯ ಅಂಚಿಗೆ ಒತ್ತಿ ಹಿಡಿದು, “ಎಲ್ಲಿಡಬೇಕು ಅಂತ ಹೇಳಿದ್ದೆ?” ಎಂದು ಕೇಳುತ್ತ ಕೆಳಕ್ಕೆ ಅದುಮಿದ. ಮೂಳೆ ಮುರಿದ ಸದ್ದು ಮಗುವಿಗೂ ಕೇಳಿಸಿತು. ಹಿಂದೆಲ್ಲ ಆಸ್ಪತ್ರೆಯಲ್ಲಿ ‘ಬಚ್ಚಲಲ್ಲಿ ಜಾರಿದೆ’ ಎನ್ನುತ್ತಿದ್ದವಳು ಆ ದಿನ ಡಾಕ್ಟರ ಮುಂದೆ, “ನನ್ನ ಗಂಡ ಮುರಿದ್ರು” ಎಂದಳು. ಪಕ್ಕದಲ್ಲಿ ನಿಂತಿದ್ದ ನನಗೆ ಒಂದು ಕ್ಷಣ ಅವಳ ದನಿಯೇ ಗುರುತು ಸಿಗಲಿಲ್ಲ. ಆ ಮೂರು ಪದಗಳನ್ನು ಹೊರಗೆ ತರಲು ಅವಳಿಗೆ ಇಡೀ ಸಂಸಾರದ ಕಾಲ ಹಿಡಿದಿತ್ತು ಎಂಬುದನ್ನು ದಯವಿಟ್ಟು ನೆನಪಿಡಿ. ಯಾಕೆಂದರೆ ಅಲ್ಲಿಂದ ನಾವು ನೇರವಾಗಿ ಬಂದದ್ದು ನಿಮ್ಮ ಹತ್ತಿರ.

ನೀವು ನಮ್ಮನ್ನು ಕೂರಿಸಿದಿರಿ, ನೀರು ಕೊಡಿಸಿದಿರಿ. ಅದನ್ನು ಮರೆತಿಲ್ಲ. ತಂಗಿಯ ಕೈಗೆ ಹಾಕಿದ್ದ ಪ್ಲಾಸ್ಟರ್ ಇನ್ನೂ ಪೂರ್ತಿ ಒಣಗಿರಲಿಲ್ಲ. ಅವಳು ಹೇಳಿದ್ದನ್ನೆಲ್ಲ ಕೇಳಿ, “ಯಾರು, ನಮ್ಮ ಮೇಷ್ಟ್ರಾ?” ಎಂದಿರಿ. ನಿಮ್ಮ ಮನೆಯವರಿಗೂ ಅವನೇ ಕಲಿಸಿದ್ದಂತೆ. ಆಮೇಲೆ ಕುರ್ಚಿಗೆ ಒರಗಿ, “ನೋಡಮ್ಮ, ಕೇಸು ಅಂದ್ರೆ ಕೋರ್ಟು, ವಕೀಲರು, ಅಲೆದಾಟ. ಮಗು ಬೇರೆ ಇದೆ. ಬೋರ್ಡಿಗೆ ಹಾಕಿಸಿ. ಬೆಳಗಾಗೋದ್ರೊಳಗೆ ಬುದ್ಧಿ ಬರುತ್ತೆ” ಎಂದಿರಿ.

ತಂಗಿ ಕೇಳಿದಳು: “ಬುದ್ಧಿ ಬರೋದು ಆಮೇಲೆ ಸಾರ್. ಅವರು ನನ್ನ ಹತ್ತಿರ ಬರದ ಹಾಗೆ ಏನಾದ್ರೂ ಮಾಡೋಕಾಗುತ್ತಾ?”

“ನಾಚಿಕೆ ಅನ್ನೋದು ಒಂದು ಸಲ ಹೊಕ್ಕರೆ ಮನುಷ್ಯ ಹತ್ತಿರ ಬರೋದಿರಲಿ, ತಲೆ ಎತ್ತಿ ನೋಡೋದೂ ಇಲ್ಲ” ಎಂದು ನಕ್ಕಿರಿ. ಮೆಡಿಕಲ್ ಅಂಗಡಿಯ ಯಜಮಾನರಿಗೆ ನೀವೇ ಫೋನು ಮಾಡಿ, “ಒಬ್ಬರನ್ನ ಕಳಿಸ್ತಿದ್ದೀನಿ, ಸ್ವಲ್ಪ ನೋಡ್ಕೊಳ್ಳಿ” ಎಂದಿರಿ. ಆಸ್ಪತ್ರೆಯವರು ಎಕ್ಸ್‌ರೇ ತೆಗೆಯಲು ಒಂದು ಕೋಣೆಯಿಂದ ಇನ್ನೊಂದಕ್ಕೆ ಕಳಿಸಿದ ಹಾಗೆಯೇ ಇತ್ತು.

ಮರುದಿನವೇ ಬೋರ್ಡಿನಲ್ಲಿ ಬಂತು. ಹೆಸರು, ಕೆಳಗೆ ‘ಹೆಂಡತಿಯ ಕೈ ಮುರಿದವನು’. ತಂಗಿಯ ಹೆಸರು ಹಾಕುವುದಿಲ್ಲ, ಅವರ ಮಾನ ಕಾಪಾಡುತ್ತೇವೆ ಎಂದು ಸಮಿತಿಯವರು ಹೇಳಿದ್ದರು. ಅವನಿಗೆ ಮತ್ತೊಬ್ಬ ಹೆಂಡತಿ ಇದ್ದಿದ್ದರೆ ಆ ಎಚ್ಚರಿಕೆಗೆ ಅರ್ಥವಿರುತ್ತಿತ್ತು. ಫೋಟೋ ಅವನ ಡ್ರೈವಿಂಗ್ ಸ್ಕೂಲಿನ ಜಾಹೀರಾತಿನದು. ಸ್ಟೀರಿಂಗ್ ಮೇಲೆ ಒಂದು ಕೈ, ಮುಖದ ತುಂಬ ನಗು. ಬಸ್ಸಿಗೆ ಕಾಯುವವರು ಕಾಯುವಷ್ಟು ಹೊತ್ತೂ ಓದಿದರು. ಕೆಲವರು ಮೊಬೈಲಿನಲ್ಲಿ ಹಿಡಿದುಕೊಂಡರು. “ಗೇರ್ ಹಾಕೋ ಕೈ, ಹೆಂಡ್ತಿ ಕೈಗೇ ಹಾಕ್ಬಿಟ್ಟಿದೆ” ಎಂದು ಒಬ್ಬ ಜೋಕು ಮಾಡಿದ, ಸುತ್ತಲಿನವರು ನಕ್ಕರು. ನಾನು ಅಲ್ಲೇ ನಿಂತಿದ್ದೆ. ಅವರು ನಗುತ್ತಿದ್ದದ್ದು ನನ್ನ ತಂಗಿಯ ಮೂಳೆಯ ಮೇಲೆ.

ತಾಯಿ ಮಗಳು ಆಗಲೇ ನನ್ನ ಜೊತೆ ಇರಲು ಬಂದಿದ್ದರು. ಸಂಜೆ ಮಗು ಶಾಲೆಯಿಂದ ಬಂದು ಚೀಲವನ್ನೂ ಇಳಿಸದೆ ಕೇಳಿತು: “ಅಮ್ಮಾ, ಅಪ್ಪ ಬೋರ್ಡಲ್ಲಿ ಯಾಕೆ ನಗ್ತಿದಾರೆ?” ನಿಮ್ಮಲ್ಲಿ ಇದಕ್ಕೆ ಉತ್ತರವಿದ್ದರೆ ತಿಳಿಸಿ.

ನಾಚಿಕೆ ಹೊಕ್ಕಿತೇ? ಹೊಕ್ಕಿತು, ನೀವು ಹೇಳಿದ್ದು ಅಷ್ಟರ ಮಟ್ಟಿಗೆ ನಿಜ. ಕಲಿಯಲು ಬರುತ್ತಿದ್ದವರು ಒಬ್ಬೊಬ್ಬರಾಗಿ ಬಿಟ್ಟರು. ಚಹಾದ ಅಂಗಡಿಯಲ್ಲಿ ಅವನು ಬಂದರೆ ಮಾತು ನಿಲ್ಲುತ್ತಿತ್ತು. ಆದರೆ ಮೇಷ್ಟ್ರು ಬೋರ್ಡನ್ನು ನನ್ನಂತೆ ದೂರದಿಂದ ನೋಡಲಿಲ್ಲ, ಹತ್ತಿರ ಹೋಗಿ ಪೂರ್ತಿ ಓದಿದ. ಕೆಳಗಿನ ಸಾಲನ್ನೂ ಓದಿದ. ಒಂದು ಭಾನುವಾರ ಮಾರುಕಟ್ಟೆ ತುಂಬಿ ತುಳುಕುವ ಹೊತ್ತಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದು ಬೋರ್ಡಿನ ಕೆಳಗೆ ನಿಂತ. ಸಮಿತಿಯವರು ಮೈಕು ಕೊಟ್ಟರು. “ನನ್ನಿಂದ ತಪ್ಪಾಯ್ತು. ನೀವೆಲ್ಲ ನನ್ನ ಕಣ್ಣು ತೆರೆಸಿದ್ರಿ. ಈ ಬಡಾವಣೆ ನನಗೆ ತಾಯಿ ಇದ್ದ ಹಾಗೆ, ತಾಯಿ ಹೊಡೆದ್ರೆ ಮಗ ಬೇಜಾರು ಮಾಡ್ಕೊಳ್ತಾನಾ?” ಎಂದು ಗದ್ಗದನಾಗಿ ಹೇಳಿದ. ಕಣ್ಣೊರೆಸಿಕೊಂಡವರು ಎಷ್ಟೋ ಜನ. ಚಪ್ಪಾಳೆಯೋ ಚಪ್ಪಾಳೆ. ಅವನು ಬಡಾವಣೆಯ ಕ್ಷಮೆ ಕೇಳಿದ, ಮೆಡಿಕಲ್ ಅಂಗಡಿಯವರ ಕ್ಷಮೆ ಕೇಳಿದ, ನಿಮ್ಮ ಹೆಸರೆತ್ತಿ ನಿಮಗೂ ವಂದನೆ ಹೇಳಿದ. ಕೈ ಮುರಿದುಕೊಂಡವಳು ಆ ಹೊತ್ತಿನಲ್ಲಿ ನನ್ನ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಎಡಗೈಯಲ್ಲಿ ಮಗಳ ಜಡೆ ಹೆಣೆಯಲು ಒದ್ದಾಡುತ್ತಿದ್ದಳು. ಅವಳ ಕ್ಷಮೆ ಕೇಳುವುದು ಯಾರಿಗೂ ನೆನಪಾಗಲಿಲ್ಲ.

ಫೋಟೋ ‘ತಿದ್ದಿಕೊಂಡವರು’ ಸಾಲಿಗೆ ಇಳಿಯಿತು. ನಿಜವಾದ ಶಿಕ್ಷೆ ಶುರುವಾದದ್ದು ಅಲ್ಲಿಂದ. ಅವನಿಗಲ್ಲ.

ಆ ವಾರವೇ ಮೆಡಿಕಲ್ ಅಂಗಡಿಯ ಯಜಮಾನರು ಸಮಿತಿಯ ಇನ್ನೊಬ್ಬರನ್ನು, ನಿವೃತ್ತ ಮುಖ್ಯೋಪಾಧ್ಯಾಯಿನಿಯವರನ್ನು, ಕರೆದುಕೊಂಡು ನನ್ನ ಅಂಗಡಿಗೆ ಬಂದರು. ಬಟ್ಟೆಯ ಥಾನುಗಳನ್ನು ಸರಿಸಿ ಇಬ್ಬರಿಗೂ ಜಾಗ ಮಾಡಿಕೊಟ್ಟೆ.

“ನೋಡಮ್ಮಾ,” ಎಂದು ಯಜಮಾನರು ತಂಗಿಗೆ ಹೇಳಿದರು, “ಇಡೀ ಬಡಾವಣೆ ಮುಂದೆ ತಲೆ ತಗ್ಗಿಸಿದ್ದಾನೆ. ಗಂಡಸು ಇದಕ್ಕಿಂತ ಜಾಸ್ತಿ ಏನು ಮಾಡೋಕಾಗುತ್ತೆ? ಇನ್ನು ನೀನು ಮನೆಗೆ ಹೋಗ್ಬೇಕು. ಇಲ್ಲಾಂದ್ರೆ ಬೋರ್ಡಿಗೆ ಏನು ಬೆಲೆ?”

“ಅವರು ತಪ್ಪಾಯ್ತು ಅಂದಿದ್ದು ನಿಮಗೆ ಸಾರ್, ನನಗಲ್ಲ” ಎಂದಳು ತಂಗಿ. “ಬೇಕಿದ್ರೆ ನೀವೇ ಕರ್ಕೊಂಡು ಹೋಗಿ ಮನೇಲಿ ಇಟ್ಕೊಳ್ಳಿ.”

ನನಗೆ ನಗು ತಡೆಯಲಾಗಲಿಲ್ಲ. ಮುಖ್ಯೋಪಾಧ್ಯಾಯಿನಿಯವರು ಮಾತ್ರ ನಗಲಿಲ್ಲ. “ಅಹಂಕಾರ ಒಳ್ಳೇದಲ್ಲ ಕಣಮ್ಮ. ಜನ ನಿನ್ನ ಕಡೆ ಇದ್ದಾಗಲೇ ಜನದ ಮಾತು ಕೇಳ್ಬೇಕು” ಎಂದರು. ಎಷ್ಟು ಖಚಿತವಾಗಿ ಹೇಳಿದರು ನೋಡಿ. ಜನ ಅವಳ ಕಡೆ ಇದ್ದದ್ದು ಸಾಲವಾಗಿ, ತೀರಿಸುವ ಕರಾರಿನ ಮೇಲೆ. ಅವನು ನಾಚಿಕೆಪಟ್ಟು ತನ್ನ ಬಾಕಿ ಚುಕ್ತಾ ಮಾಡಿದ್ದ. ಇನ್ನು ಕೊಡಬೇಕಾದವಳು ಅವಳು.

ಅವಳು ಕೊಡಲಿಲ್ಲ. ಕೆಲವೇ ದಿನಗಳಲ್ಲಿ ಬೋರ್ಡಿನ ಮೇಲಿನ ಸಾಲಿನಲ್ಲಿ ಅವಳ ಫೋಟೋ ಬಂತು. ಅವಳ ಮಾನ ಕಾಪಾಡುತ್ತೇವೆ ಎಂದಿದ್ದವರು ಈ ಸಲ ಪೂರ್ತಿ ಹೆಸರು ಬರೆದರು. ಕೆಳಗೆ: ‘ಪಶ್ಚಾತ್ತಾಪಪಟ್ಟ ಗಂಡನನ್ನು ತಿರಸ್ಕರಿಸಿ, ಮಗುವನ್ನು ತಂದೆಯಿಂದ ದೂರ ಮಾಡಿದವಳು’. ಫೋಟೋ ಕೊಟ್ಟವನು ಅವನೇ. ತಾಯಿ ಮಗಳು ಒಟ್ಟಿಗೆ ನಿಂತಿದ್ದ ಚಿತ್ರದಲ್ಲಿ ಮಗಳನ್ನು ಕತ್ತರಿಸಿ ತೆಗೆದಿದ್ದರು. ಕತ್ತರಿ ಹಿಡಿದವರಿಗೆ ಕೈ ಸ್ಥಿರವಿರಲಿಲ್ಲವೋ ಏನೋ, ಅವಳ ಭುಜದ ಮೇಲೆ ಮಗುವಿನ ನಾಲ್ಕು ಬೆರಳು ಹಾಗೇ ಉಳಿದಿದ್ದವು. ಮಗುವನ್ನು ದೂರ ಮಾಡಿದವರು ಯಾರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ನಾನಂತೂ ತರಲಾರೆ.

ಅವನ ಬಗ್ಗೆ ಬರೆದಾಗ ಸಮಿತಿ ತಂಗಿಯನ್ನು ಹೆಚ್ಚೇನೂ ಕೇಳಿರಲಿಲ್ಲ. ಇವಳ ಬಗ್ಗೆ ಬರೆಯುವಾಗಲೂ ಕೇಳಲಿಲ್ಲ. ಕೇಳುವ ಪದ್ಧತಿಯೇ ಅಲ್ಲಿಲ್ಲ. ಅಂಟು ಇದೆ, ಗಾಜು ಇದೆ, ದೀಪ ಇದೆ. “ನೀವೇನು ಹೇಳ್ತೀರಿ?” ಎಂದು ಕೇಳುವ ಒಂದು ಕುರ್ಚಿ ಇಲ್ಲ. ಆ ಕುರ್ಚಿ ಇರುವುದು ನಿಮ್ಮ ಹತ್ತಿರ. ನೀವು ಅದರಲ್ಲಿ ಒರಗಿ ಕೂತಿದ್ದೀರಿ.

ಅವಳ ಫೋಟೋಗೆ ಜನರ ಸ್ಪಂದನ ಅವನದಕ್ಕಿಂತ ಜೋರಾಗಿತ್ತು. ಕೈ ಮುರಿದವನನ್ನು ಕಂಡು ಜನ ನಕ್ಕಿದ್ದರು. ಕ್ಷಮಿಸದವಳನ್ನು ಕಂಡು ಉರಿದುಬಿದ್ದರು. ಕನ್ನಡಕದ ಅಂಗಡಿಗೆ ಬಂದ ಒಬ್ಬ ಹೆಂಗಸು, “ನನ್ನ ಮುಖಕ್ಕೆ ಇವಳು ಕೈ ಹಾಕೋದು ಬೇಡ” ಎಂದು ಫ್ರೇಮು ಕಿತ್ತುಕೊಂಡಳಂತೆ. ಅಂಗಡಿಯ ಯಜಮಾನರು ಕೆಟ್ಟವರಲ್ಲ. “ಸ್ವಲ್ಪ ದಿನ ಒಳಗಡೆ ಕೂತ್ಕೊಂಡು ಕೆಲಸ ಮಾಡಮ್ಮ” ಎಂದರು. ಒಳಗಡೆ ಎಂದರೆ ಗಾಜು ಉಜ್ಜುವ ಯಂತ್ರದ ಪಕ್ಕ, ಕಿಟಕಿಯಿಲ್ಲದ ಮೂಲೆ. ಪ್ಲಾಸ್ಟರ್ ಬಿಚ್ಚಿ ಹೊಸತು, ಬೆರಳುಗಳಿಗೆ ಇನ್ನೂ ಶಕ್ತಿ ಬಂದಿರಲಿಲ್ಲ. ಆದರೂ ಅವಳು ಹೋದಳು. ಎಡಗೈಯಲ್ಲಿ ಚಿಮಟ ಹಿಡಿಯಲು ಕಲಿಯುತ್ತಿದ್ದಳು.

ಒಂದು ಸಂಜೆ ಕೆಲಸ ಮುಗಿಸಿ ಅವಳು ಬಸ್ಸಿಗೆ ಕಾಯುತ್ತಿದ್ದಳು. ಬೇರೆ ನಿಲ್ದಾಣ ಇಲ್ಲ, ಆ ಬೋರ್ಡಿನ ಮುಂದೆಯೇ ನಿಲ್ಲಬೇಕು. ತನ್ನ ಫೋಟೋಗೆ ಬೆನ್ನು ಹಾಕಿ ನಿಂತಿದ್ದಳು. ಅವನು ಕಲಿಕೆಯ ಕಾರನ್ನು ಬೆಂಚಿನ ಪಕ್ಕಕ್ಕೆ ತಂದು ನಿಲ್ಲಿಸಿ ಇಳಿದ.

“ನಡಿ ಮನೆಗೆ.”

“ಬರಲ್ಲ.”

“ಎಲ್ಲಾರೂ ನೋಡ್ತಿದಾರೆ. ನಡಿ.”

“ನೋಡ್ಲಿ.”

ಅವನು ಅವಳ ಬಲಗೈಯನ್ನೇ ಹಿಡಿದ. ಅದೇ ಮಣಿಕಟ್ಟು. ಹಿಡಿದು ಕಾರಿನ ಕಡೆಗೆ ಎಳೆದ. ಅವಳು ಬೆಂಚಿನ ಕಾಲಿಗೆ ಎಡವಿ ಮಂಡಿಯೂರಿ ಬಿದ್ದಳು. ಅವನು ಕೈ ಬಿಡಲಿಲ್ಲ, ಹಾಗೇ ಎಳೆದ. ಅವಳು ಕಿರುಚಿದ್ದು ಮಾರುಕಟ್ಟೆಯ ಆ ತುದಿಗೂ ಕೇಳಿಸಿತಂತೆ. ನಿಲ್ದಾಣ ತುಂಬ ಜನರಿದ್ದರು. ನೀವು ಹೊಗಳಿದ ಆ ಶಕ್ತಿಶಾಲಿ ಕಣ್ಣುಗಳೆಲ್ಲ ಅಲ್ಲಿದ್ದವು. ಒಬ್ಬ ಎದ್ದು ಒಂದು ಹೆಜ್ಜೆ ಮುಂದೆ ಬಂದವನು ಬೋರ್ಡಿನ ಕಡೆ ನೋಡಿದ, ಅವಳ ಕಡೆ ನೋಡಿದ. “ಓ, ಇವಳೇ ಅಲ್ವಾ?” ಎಂದು ಮತ್ತೆ ಕೂತ. “ಗಂಡ ಹೆಂಡ್ತಿ ವಿಷ್ಯ, ಬಿಡಿ” ಎಂದರು ಇನ್ನೊಬ್ಬರು. ಬೋರ್ಡು ಅವರಿಗೆ ಆಗಲೇ ತೀರ್ಪು ಕೊಟ್ಟಾಗಿತ್ತು. ಬೀಳುತ್ತಿರುವ ಹೆಂಗಸಿಗೆ ಕೈ ಕೊಡಬೇಕೋ ಬೇಡವೋ ಎಂದು ತಿಳಿಯಲು ಮನುಷ್ಯರು ಗೋಡೆಯ ಕಡೆ ನೋಡುವ ಕಾಲವನ್ನು ನೀವು ತಂದಿದ್ದೀರಿ. ಇದಕ್ಕಿಂತ ದೊಡ್ಡ ಸಾಧನೆ ಯಾವ ಠಾಣೆಯದೂ ಇರಲಾರದು.

ಅವಳನ್ನು ಬಿಡಿಸಿದ್ದು ಶಾಲಾ ವ್ಯಾನು ಓಡಿಸುವ ಹೆಂಗಸು. ಮಕ್ಕಳನ್ನೆಲ್ಲ ಇಳಿಸಿ ಖಾಲಿ ವ್ಯಾನಿನಲ್ಲಿ ಬರುತ್ತಿದ್ದರು. ಕಂಡ ತಕ್ಷಣ ರಸ್ತೆಯ ನಟ್ಟನಡುವೆ ವ್ಯಾನು ನಿಲ್ಲಿಸಿ ಹಾರ್ನ್ ಮೇಲೆ ಅಂಗೈ ಊರಿದರು. ತೆಗೆಯಲಿಲ್ಲ. ಹಿಂದೆ ಬಸ್ಸು ನಿಂತಿತು, ಲಾರಿ ನಿಂತಿತು, ಎಲ್ಲರೂ ಬೈಯತೊಡಗಿದರು. ಅವರು ಕೈ ತೆಗೆಯಲೇ ಇಲ್ಲ. ಕೊನೆಗೆ ಆ ಸದ್ದು ತಾಳಲಾರದೆ ಅವನು ತಂಗಿಯ ಕೈ ಬಿಟ್ಟು ವ್ಯಾನಿನ ಕಿಟಕಿಗೆ ಬಂದು ಕೂಗಿದ:

“ಏನಮ್ಮಾ ಇದು? ನಿಂಗೆ ಡ್ರೈವಿಂಗ್ ಕಲಿಸಿದ್ದೇ ನಾನು!”

“ಹೌದು ಮೇಷ್ಟ್ರೇ,” ಎಂದರಂತೆ ಆಕೆ. “ಎದುರಿಗೆ ಮನುಷ್ಯರು ಬಿದ್ದಿದ್ರೆ ಗಾಡಿ ನಿಲ್ಲಿಸ್ಬೇಕು ಅಂತ ಕಲಿಸಿದ್ದೂ ನೀವೇ.”

ಇಳಿದು ಬಂದು ತಂಗಿಯನ್ನು ಎಬ್ಬಿಸಿ ವ್ಯಾನಿಗೆ ಹತ್ತಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದರು. ಕೂಡುತ್ತಿದ್ದ ಮೂಳೆ ಮತ್ತೆ ಬಿರುಕು ಬಿಟ್ಟಿತ್ತು. ಕೈ ಕೂಡುತ್ತದೆ, ಆದರೆ ಸೂಕ್ಷ್ಮದ ಕೆಲಸದ ಬಗ್ಗೆ ಈಗಲೇ ಏನೂ ಹೇಳಲಾರೆ ಎಂದರು ಡಾಕ್ಟರು. ತಂಗಿ ಅತ್ತದ್ದನ್ನು ನಾನು ನೋಡಿದ್ದು ಆಗ ಮಾತ್ರ. ನೋವಿಗಲ್ಲ. “ಅಕ್ಕಾ, ಆ ಸ್ಕ್ರೂ ಎತ್ತೋವಾಗ ತಲೇಲಿ ಬೇರೇನೂ ಇರ್ತಿರ್ಲಿಲ್ಲ ಕಣೇ. ಅದೊಂದೇ ಹೊತ್ತು ನಂಗೆ ಭಯ ಆಗ್ತಿರ್ಲಿಲ್ಲ” ಎಂದಳು.

ಮತ್ತೆ ನಿಮ್ಮ ಹತ್ತಿರ ಬಂದೆವು. ಈ ಸಲ ವ್ಯಾನಿನವರೂ ಜೊತೆಗಿದ್ದರು. ನಡುಹಗಲಲ್ಲದಿದ್ದರೂ ಬೆಳಕಿದ್ದ ಹೊತ್ತು, ತುಂಬಿದ ನಿಲ್ದಾಣ, ಹೆಸರು ಹೇಳಲು ಸಿದ್ಧವಿರುವ ಸಾಕ್ಷಿ, ಡಾಕ್ಟರ ಚೀಟಿ. ಇನ್ನೇನು ತರಬೇಕಿತ್ತು? ನೀವು ಅವಳನ್ನು ನೋಡಿ, “ಬೋರ್ಡಲ್ಲಿ ನಿಮ್ಮ ಹೆಸರೂ ಇದೆಯಲ್ಲ” ಎಂದಿರಿ. “ಎರಡೂ ಕಡೆಯವರ ಮೇಲೂ ಮಾತಿದೆ. ಸಮಿತಿಯಲ್ಲಿ ಇತ್ಯರ್ಥ ಮಾಡ್ಕೊಂಡು ಬನ್ನಿ, ಆಮೇಲೆ ನೋಡೋಣ.”

ವ್ಯಾನಿನವರು, “ಸಾರ್, ನಾನು ಕಣ್ಣಾರೆ ನೋಡಿದೀನಿ, ಬರ್ಕೊಳ್ಳಿ” ಎಂದರು.

“ನೀವು ರಸ್ತೆ ಮಧ್ಯ ಗಾಡಿ ನಿಲ್ಲಿಸಿದ್ರಂತೆ. ಅದರ ಬಗ್ಗೆ ಸಮಿತಿಗೆ ದೂರು ಹೋಗಿದೆ” ಎಂದಿರಿ ನೀವು.

ಅಧಿಕಾರಿಗಳೇ, ಆ ಮಾತು ಹೇಳುವಾಗ ನಿಮ್ಮ ಮುಖದಲ್ಲಿ ನಾಚಿಕೆಯ ಲವಲೇಶವಾದರೂ ಇದೆಯೇ ಎಂದು ನಾನು ಗಮನವಿಟ್ಟು ಹುಡುಕಿದೆ. ಅಷ್ಟೊಂದು ನಂಬಿದ ಔಷಧವನ್ನು ವೈದ್ಯರು ತಾವೂ ಸ್ವಲ್ಪ ಸೇವಿಸಿರಬಹುದು ಎಂಬ ಆಸೆ. ಇರಲಿಲ್ಲ.

ಈಚೆಗೆ ಒಂದು ಸಭೆಯಲ್ಲಿ ನೀವು ಬೋರ್ಡು ಬಂದ ಮೇಲೆ ಠಾಣೆಗೆ ಬರುವ ದೂರುಗಳು ಅರ್ಧಕ್ಕರ್ಧ ಇಳಿದಿವೆ ಎಂದು ಹೇಳಿದ್ದನ್ನು ಕೇಳಿದೆ. ಇಳಿಯದೆ ಏನಾಗುತ್ತದೆ? ಬಾಗಿಲಲ್ಲೇ ತಿರುಗಿಸಿ ಕಳಿಸಿದರೆ ಯಾವ ಆಸ್ಪತ್ರೆಯಲ್ಲೂ ರೋಗಿಗಳು ಇರುವುದಿಲ್ಲ. ಕೋರ್ಟು ನಿಧಾನ, ಬೋರ್ಡು ಚುರುಕು ಎನ್ನುತ್ತೀರಿ. ನಿಜ, ಬಹಳ ಚುರುಕು. ಒಂದೇ ದಿನದಲ್ಲಿ ಅವನನ್ನು ರಾಕ್ಷಸ ಮಾಡಿತು, ಒಂದೇ ಭಾನುವಾರದಲ್ಲಿ ಸಂತ ಮಾಡಿತು, ಅಷ್ಟೇ ಚುರುಕಾಗಿ ಇವಳನ್ನು ಪಾಪಿ ಮಾಡಿತು. ಆದರೆ ಇಷ್ಟೆಲ್ಲ ಚುರುಕಿನ ನಡುವೆ ‘ನೀನು ಅವಳ ಹತ್ತಿರ ಹೋಗಕೂಡದು’ ಎಂಬ ಒಂದು ಮಾತನ್ನು ಅವನಿಗೆ ಯಾರೂ ಹೇಳಲಿಲ್ಲ. ಹೇಳುವ ಅಧಿಕಾರ ಬೋರ್ಡಿಗಿಲ್ಲ. ಅಧಿಕಾರವಿದ್ದ ನೀವು ಹೇಳಲಿಲ್ಲ. ನಾಚಿಕೆಗೆ ಚಿಲಕ ಹಾಕಲು ಬರುವುದಿಲ್ಲ, ಎಳೆಯುತ್ತಿರುವ ಕೈಯನ್ನು ಬಿಡಿಸಲು ಬರುವುದಿಲ್ಲ. ಅದು ಜನರಿಗೆ ಬೇಸರ ಕಳೆಯುವ ಆಟ, ನಿಮಗೆ ಕೆಲಸ ಕಳೆಯುವ ದಾರಿ.

ಇವತ್ತಿಗೆ ಪರಿಸ್ಥಿತಿ ಹೀಗಿದೆ. ಮೇಷ್ಟ್ರ ಫೋಟೋ ‘ತಿದ್ದಿಕೊಂಡವರು’ ಸಾಲಿನಲ್ಲಿ ಈಗಲೂ ನಗುತ್ತಿದೆ. ಕಲಿಯುವವರು ಮರಳಿ ಬಂದಿದ್ದಾರೆ, ಅವನಿಗೆ ಬೇರೆ ಜಾಹೀರಾತು ಬೇಕಾಗಿಲ್ಲ. ತಂಗಿ ಮತ್ತು ಮಗಳು ನನ್ನ ಜೊತೆ ಇದ್ದಾರೆ. ನನ್ನ ಅಂಗಡಿಯ ಕದವನ್ನು ಹಗಲಲ್ಲೂ ಒಳಗಿನಿಂದ ಹಾಕಿಕೊಳ್ಳುತ್ತೇವೆ, ಗಿರಾಕಿಗಳು ಬಡಿದು ಹೆಸರು ಹೇಳಬೇಕು. ಪ್ಲಾಸ್ಟರ್ ಬಿಚ್ಚಿದ್ದಾರೆ. ಅವಳು ದಿನಾ ಕೂತು ಸೂಜಿಗೆ ದಾರ ಪೋಣಿಸಲು ನೋಡುತ್ತಾಳೆ. ಕೈ ನಡುಗುತ್ತದೆ. ಬಿಡುವುದಿಲ್ಲ, ಮತ್ತೆ ಎತ್ತಿಕೊಳ್ಳುತ್ತಾಳೆ. ಮಗು ಬಸ್ಸಿನಲ್ಲಿ ಶಾಲೆಗೆ ಹೋಗಲು ಒಪ್ಪುತ್ತಿಲ್ಲ; ವ್ಯಾನಿನವರು ತಾವಾಗಿಯೇ ಬಂದು ಕರೆದುಕೊಂಡು ಹೋಗುತ್ತಾರೆ. ಅವರ ಫೋಟೋ ಕೂಡ ಈಗ ಬೋರ್ಡಿನಲ್ಲಿದೆ, ‘ಸಂಚಾರಕ್ಕೆ ಅಡ್ಡಿಪಡಿಸಿದವರು’ ಎಂದು. ಅವರು ಹೋಗಿ ತಪ್ಪೊಪ್ಪಿಕೊಂಡಿಲ್ಲ. “ನಾನು ಮೇಲಿನ ಸಾಲಲ್ಲೇ ಇರ್ತೀನಿ, ಅಲ್ಲಿ ಜೊತೆ ಚೆನ್ನಾಗಿದೆ” ಎನ್ನುತ್ತಾರೆ.

ನನ್ನ ಈ ಪತ್ರದ ಸುದ್ದಿ ತಿಳಿದ ಕೆಲವು ಹಿತೈಷಿಗಳು ಇನ್ನೊಂದು ಸಲಹೆ ಕೊಟ್ಟರು. ಆ ಅಧಿಕಾರಿಯ ಹೆಸರನ್ನೇ ಬೋರ್ಡಿಗೆ ಹಾಕಿಸು, ದೂರು ಬರೆದುಕೊಳ್ಳದವರು ಎಂದು, ಹೆದರದೆ ಇರಲಿ ನೋಡೋಣ ಎಂದರು. ಒಂದು ಗಳಿಗೆ ಆಸೆಯಾಯಿತು ಎಂದು ಸುಳ್ಳಿಲ್ಲದೆ ಹೇಳುತ್ತೇನೆ. ಆಮೇಲೆ ಬೇಡ ಎಂದೆ. ಈ ಪತ್ರದಲ್ಲೂ ನಿಮ್ಮ ಹೆಸರು ಬರೆದಿಲ್ಲ, ಗಮನಿಸಿರಬಹುದು. ನಿಮ್ಮ ಮೇಲಿನ ಗೌರವಕ್ಕಲ್ಲ. ನಿಮ್ಮ ಫೋಟೋ ಅಲ್ಲಿ ಬಂದರೆ ನೀವು ಒಂದು ಭಾನುವಾರ ಬರುತ್ತೀರಿ, ಮೈಕು ಹಿಡಿಯುತ್ತೀರಿ, ಗದ್ಗದರಾಗುತ್ತೀರಿ, ಜನ ಚಪ್ಪಾಳೆ ತಟ್ಟುತ್ತಾರೆ, ಕೆಳಗಿನ ಸಾಲಿಗೆ ಇಳಿದು ಮನೆಗೆ ಹೋಗಿ ಊಟ ಮಾಡಿ ಮಲಗುತ್ತೀರಿ. ಅಷ್ಟು ಅಗ್ಗಕ್ಕೆ ನಿಮ್ಮನ್ನು ಬಿಟ್ಟುಕೊಡಲು ನಾನು ತಯಾರಿಲ್ಲ. ನಿಮಗೆ ನಾಚಿಕೆಯಾಗುವುದು ನಮಗೆ ಬೇಕಿಲ್ಲ. ಅದನ್ನು ನೀವೇ ಇಟ್ಟುಕೊಳ್ಳಿ.

ನಮಗೆ ಬೇಕಾದದ್ದು ಇಷ್ಟು. ಬರುವ ಸೋಮವಾರ ಠಾಣೆಯ ಬಾಗಿಲು ತೆರೆಯುವ ಹೊತ್ತಿಗೆ ನನ್ನ ತಂಗಿ, ನಾನು, ವ್ಯಾನಿನವರು ಬರುತ್ತೇವೆ. ನೀರು ಬೇಡ, ಬುದ್ಧಿಮಾತು ಬೇಡ, ಯಾರಿಗೂ ಫೋನು ಮಾಡಬೇಡಿ. ಅವಳು ಹೇಳಿದ್ದನ್ನು ಅವಳು ಹೇಳಿದ ಹಾಗೆಯೇ ಬರೆದುಕೊಳ್ಳಿ. ವ್ಯಾನಿನವರು ನೋಡಿದ್ದನ್ನು ಬರೆದುಕೊಳ್ಳಿ. ಅವನನ್ನು ಕರೆಸಿ, ಎದುರಿಗೆ ಕೂರಿಸಿ, ಅವನೇನು ಹೇಳುತ್ತಾನೋ ಅದನ್ನೂ ಬರೆದುಕೊಳ್ಳಿ. ಬೋರ್ಡು ಅವನಿಗೂ ಆ ನ್ಯಾಯ ಕೊಟ್ಟಿಲ್ಲ. ಅವನು ಅವಳ ಹತ್ತಿರ ಸುಳಿಯದಂತೆ ಕಾನೂನು ಏನು ಹೇಳುತ್ತದೋ ಅದನ್ನು ಮಾಡಿ. ಬರೆದುಕೊಳ್ಳುವುದಿಲ್ಲ ಎನ್ನುವುದಾದರೆ, ಬರೆದುಕೊಳ್ಳುವುದಿಲ್ಲ ಎಂಬುದನ್ನೇ ಬರೆದು, ಕೆಳಗೆ ಸಹಿ ಹಾಕಿ ಕೊಡಿ. ನಾವು ಅದನ್ನು ಯಾವ ಗಾಜಿನೊಳಗೂ ಅಂಟಿಸುವುದಿಲ್ಲ. ನಿಮ್ಮ ಮೇಲಿನವರ ಮೇಜಿನ ಮೇಲೆ ಇಡುತ್ತೇವೆ, ಅಲ್ಲೂ ಆಗದಿದ್ದರೆ ನ್ಯಾಯಾಧೀಶರ ಮೇಜಿನ ಮೇಲೆ. ಅಲ್ಲಿ ನಿಮಗೆ ಚಪ್ಪಾಳೆ ತಟ್ಟುವವರು ಇರುವುದಿಲ್ಲ. ಪ್ರಶ್ನೆ ಕೇಳುವವರು ಇರುತ್ತಾರೆ.

ಇಂತಿ,
ನಿಮ್ಮ ಅಂಕಿ-ಅಂಶಗಳ ಪ್ರಕಾರ ದೂರೇ ಇಲ್ಲದ ಒಬ್ಬ ಹೆಣ್ಣುಮಗಳ ಅಕ್ಕ